ಬರಗಾಲದ ಅಧಿಕ ಮಾಸ

ಸುಝೌ
18 ಫೆಬ್ರವರಿ 2025

ಮಾನ್ಯ ಚಿಮೆಗ್ ಅವರಿಗೆ,

ಇದನ್ನು ಹೇಳದೆ ಬಿಟ್ಟುಬಿಡೋಣ ಎಂದೇ ಇದ್ದೆ: ಹೋದ ತಿಂಗಳು ನಮ್ಮ ಕಚೇರಿಯಿಂದ ನಿಮಗೆ ಬಂದ ಉತ್ತರವನ್ನು ನಾನು ನಿಮ್ಮ ಪತ್ರ ಪೂರ್ತಿ ಓದದೆ ಕಳಿಸಿದ್ದೆ.

ಪ್ರವಾಸಿಗರ ಪ್ರಶ್ನೆಗಳಿಗೆ ಉತ್ತರ ಹೇಳುವ ಮೇಜಿನಲ್ಲಿ ಹತ್ತೊಂಬತ್ತು ವರ್ಷದಿಂದ ಕೂತಿದ್ದೇನೆ. 'ಸುಝೌಗೆ ಯಾವಾಗ ಬಂದರೆ ಒಳ್ಳೆಯದು?' ಎಂದು ದಿನಕ್ಕೆ ಮೂವತ್ತು ನಲವತ್ತು ಜನ ಕೇಳುತ್ತಾರೆ, ಎಲ್ಲ ಫೋನಿನಲ್ಲೇ. ಅದಕ್ಕೆ ಒಂದು ಅಚ್ಚು ಹಾಳೆ ಇದೆ. ಅದನ್ನು ಬರೆದವಳೂ ನಾನೇ. ಏಪ್ರಿಲ್ ಮೇ ಒಳ್ಳೆಯದು, ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲ ವಾರದವರೆಗೆ ಇನ್ನೂ ಒಳ್ಳೆಯದು. ಜೂನ್ ನಡುವಿನಿಂದ ಜಡಿಮಳೆ, ಜುಲೈ ಆಗಸ್ಟಿನಲ್ಲಿ ಸುಡುಬಿಸಿಲು, ಚಳಿಗಾಲದಲ್ಲಿ ಬೀದಿಗಿಂತ ಮನೆಯೊಳಗೇ ಹೆಚ್ಚು ಥಂಡಿ, ತಪ್ಪಿಸಿ. ಕೈಬರಹದ ಪತ್ರ ಬಂದದ್ದು ನಾಲ್ಕೈದು ವರ್ಷದಲ್ಲಿ ನಿಮ್ಮದೊಂದೇ. ಆದರೂ ಮೊದಲ ಎರಡು ಸಾಲು ಓದಿ, ಹಾಳೆ ಮಡಚಿ, ಲಕೋಟೆಗೆ ತುರುಕಿದೆ.

ಮೊನ್ನೆ ಕಡತಕ್ಕೆ ಸೇರಿಸಲು ತೂತು ಹೊಡೆಯುವಾಗ ನಿಮ್ಮ ಪತ್ರ ಮಗುಚಿಕೊಂಡಿತು. ಹಿಂಬದಿಯಲ್ಲೂ ಬರಹ ಇತ್ತು. 'ನನಗೆ ಒಳ್ಳೆಯ ಕಾಲ ಬೇಕಿಲ್ಲ. ಜೂನ್ ಆರನೆಯ ತಾರೀಖು ನಿಮ್ಮೂರಲ್ಲಿ ಹವೆ ಹೇಗಿರುತ್ತದೆ? ಅಂದು ಮಳೆಯೋ ಬಿಸಿಲೋ? ಕೆಳಗೆ ಮನುಷ್ಯರಿಲ್ಲದ ದೊಡ್ಡ ದೊಡ್ಡ ಟೋಪಿಗಳು ನಿಮ್ಮೂರಲ್ಲಿ ಎಲ್ಲಾದರೂ ಇವೆಯೇ?'

ಹವೆಯ ಪ್ರಶ್ನೆಗೆ ಉತ್ತರ ಹೇಳಬಲ್ಲೆ. ಜೂನ್ ಆರರ ಹೊತ್ತಿಗೆ ಸಾಮಾನ್ಯವಾಗಿ ಇಪ್ಪತ್ತೆಂಟು ಡಿಗ್ರಿ, ತೆಳು ಮೋಡ. ಜಡಿಮಳೆ ಹಿಡಿಯಲು ಇನ್ನೂ ವಾರ ಹತ್ತು ದಿನ ಇರುತ್ತದೆ. ಟೋಪಿಗಳ ವಿಷಯ ನನಗೆ ತಿಳಿಯಲಿಲ್ಲ.

ಒಂದು ಕೇಳಲೇ? ಅದೇ ದಿನ ಯಾಕೆ? ಇದು ಕಚೇರಿಯ ಪ್ರಶ್ನೆಯಲ್ಲ. ಉತ್ತರಿಸಲೇಬೇಕೆಂದಿಲ್ಲ.

ಇಂತಿ,
ಗು ಸುವೆನ್

*

ಷಿಲಿನ್‌ಗೊಲ್
9 ಮಾರ್ಚ್ 2025

ಸುವೆನ್ ಅವರಿಗೆ,

ತಪ್ಪೊಪ್ಪಿಕೊಂಡ ಕಚೇರಿಯನ್ನು ನನ್ನ ಅರವತ್ತೆಂಟು ವರ್ಷದಲ್ಲಿ ಇದೇ ಮೊದಲು ನೋಡಿದ್ದು. ನಿಮ್ಮ ಪತ್ರವನ್ನು ಕನ್ನಡಿಗೆ ಸಿಕ್ಕಿಸಿಟ್ಟಿದ್ದೇನೆ.

ಇಲ್ಲಿ ಈಗ ಧೂಳುಗಾಳಿ. ಬಾಗಿಲು ತೆರೆದರೆ ಚಹಾದ ಮೇಲೆ ಮರಳು. ಉತ್ತರದ ಈ ನಮ್ಮ ಹುಲ್ಲುಗಾವಲಿಗೆ ಯಾವಾಗ ಬಂದರೆ ಒಳ್ಳೆಯದು ಅಂತ ಯಾರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಬಂದವರಿಗೆ ಚಹಾ ಕೊಡುತ್ತೇವೆ, ಅಷ್ಟೇ.

ಯಾಕೆ ಅಂದಿರಿ. ನಾನು ನಿಮ್ಮೂರಿನವಳು. ಹಸಿವಿನ ವರ್ಷಗಳಲ್ಲಿ ದಕ್ಷಿಣದ ಅನಾಥ ಮಕ್ಕಳನ್ನು ರೈಲಿನಲ್ಲಿ ತುಂಬಿ ಇಲ್ಲಿಗೆ ಕಳಿಸಿದರಲ್ಲ, ಹಾಲಾದರೂ ಸಿಗಲಿ ಅಂತ, ಆ ಮಕ್ಕಳಲ್ಲಿ ನಾನೊಬ್ಬಳು. 1960ರ ಚಳಿಗಾಲದ ಆರಂಭ. ಆಗ ಮೂರು ವರ್ಷ ಇರಬಹುದು ಅಂತ ಹಲ್ಲು ನೋಡಿ ಹೇಳಿದರಂತೆ, ಕುದುರೆಗೆ ಹೇಳುವ ಹಾಗೆ. ನನ್ನನ್ನು ತೆಗೆದುಕೊಂಡ ಅಮ್ಮ ಚಿಮೆಗ್ ಅಂತ ಹೆಸರಿಟ್ಟಳು. ಆಭರಣ ಅಂತ ಅರ್ಥ. ಮೈಮೇಲೆ ಮೂಳೆ ಬಿಟ್ಟರೆ ಏನೂ ಇರಲಿಲ್ಲ, ಆದರೂ ಆಭರಣ.

ನನ್ನ ಅಂಗಿಯ ಒಳಗೆ ಒಂದು ಚೀಟಿ ಹೊಲಿದಿತ್ತು. 'ಆರನೆಯ ತಿಂಗಳ ಆರು. ಬೆಳಿಗ್ಗೆ ಗಂಜಿ ಕುಡಿದಿದ್ದಾಳೆ.' ಅಷ್ಟೇ. ಹೆಸರಿಲ್ಲ, ಬೀದಿ ಇಲ್ಲ. ಮಕ್ಕಳ ಮನೆಯವರು ಹಿಂಬದಿಯಲ್ಲಿ 'ಸುಝೌ, 1960' ಅಂತ ಬರೆದಿದ್ದಾರೆ. ಅಂದಿನಿಂದ ಜೂನ್ ಆರು ನನ್ನ ಹುಟ್ಟುಹಬ್ಬ.

ನೆನಪು ಅಂತ ಇರುವುದು ಮೂರು. ತಲೆಯ ಮೇಲೆ ಕೆಂಪು ಹಸಿರು ಬಟ್ಟೆಗಳು, ಉದ್ದಕ್ಕೆ. ಒಂದು ಬೆಕ್ಕು, ಯಾರೋ ಅದಕ್ಕೆ ಸ್ನಾನ ಮಾಡಿಸುತ್ತಿದ್ದಾರೆ, ಅದು ಊರು ಹಾರಿಹೋಗುವ ಹಾಗೆ ಕಿರುಚುತ್ತಿದೆ. ಮೂರನೆಯದು ಟೋಪಿಗಳು, ಸಾಲು ಸಾಲು. ಒಂದರ ಕೆಳಗೆ ನಾನೇ ಹೊಕ್ಕಿದ್ದೆ. ಒಳಗೆ ಕತ್ತಲೆ, ಉಪ್ಪಿನ ವಾಸನೆ. 'ಕನಸಮ್ಮಾ ಅದು, ಬೆಕ್ಕಿಗೆ ಯಾರು ಸ್ನಾನ ಮಾಡಿಸ್ತಾರೆ?' ಅಂತ ಮಗಳು ನಗುತ್ತಾಳೆ.

ನಾನು ಯಾರನ್ನೂ ಹುಡುಕಲು ಬರುತ್ತಿಲ್ಲ. ಇದ್ದವರು ಈಗ ಇರುವುದಿಲ್ಲ. ಆದರೆ ಜನ ಹೋದರೂ ಹವೆ ವರ್ಷ ವರ್ಷ ಬರುತ್ತದಲ್ಲ. ಹೆತ್ತವಳು ನನ್ನನ್ನು ಬಿಟ್ಟ ದಿನ ಮಳೆ ಇತ್ತೋ ಬಿಸಿಲಿತ್ತೋ, ಅಷ್ಟು ತಿಳಿಯಬೇಕು. ಒಂದು ಸಲ ಆ ದಿನದ ಗಾಳಿಯಲ್ಲಿ ನಿಲ್ಲಬೇಕು. ಎರಡು ಸಲ ಬರುವ ಶಕ್ತಿ ಇಲ್ಲ, ಆದ್ದರಿಂದ ಸರಿಯಾದ ದಿನವೇ ಬೇಕು.

ದಯವಿಟ್ಟು ಫೋನ್ ಮಾಡಬೇಡಿ. ನನಗೆ ಕಿವಿ ಮಂದ. ಮಗಳು ಎತ್ತುತ್ತಾಳೆ, ತನಗೆ ಬೇಕಾದಷ್ಟನ್ನೇ ನನಗೆ ದಾಟಿಸುತ್ತಾಳೆ. ಮೂವತ್ತೊಂದು ವರ್ಷ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸಿದವಳು ನಾನು. ಕಾಗದದ ಮೇಲೆ ನನ್ನನ್ನು ಯಾರೂ ಮೋಸ ಮಾಡಲಾರರು.

ಚಿಮೆಗ್

*

ಸುಝೌ
6 ಏಪ್ರಿಲ್ 2025

ಚಿಮೆಗ್ ಟೀಚರ್‌ಗೆ,

ಬೆಕ್ಕಿನ ಸಾಲು ಓದಿದ ಕೂಡಲೇ ಕುರ್ಚಿಯಿಂದ ಎದ್ದುಬಿಟ್ಟೆ. ಎದುರು ಮೇಜಿನವಳು 'ಏನೇ, ಜಿರಲೆನಾ?' ಎಂದಳು.

ನಿಮ್ಮ ಮಗಳಿಗೆ ಹೇಳಿ, ಅದು ಕನಸಲ್ಲ. ಬೆಕ್ಕಿಗೂ ನಾಯಿಗೂ ಸ್ನಾನ ಮಾಡಿಸುವ ದಿನವೊಂದು ನಮ್ಮೂರಲ್ಲಿ ಇದೆ. ಅದು ಆರರ ಆರು, ಆರನೆಯ ತಿಂಗಳ ಆರನೆಯ ದಿನ. ಆದರೆ ಗೋಡೆ ಕ್ಯಾಲೆಂಡರಿನ ಜೂನ್ ಆರಲ್ಲ, ಚಂದ್ರನ ಲೆಕ್ಕದ್ದು! ಅಂದು ಮನೆಮನೆಯವರೂ ಪೆಟ್ಟಿಗೆಯಲ್ಲಿದ್ದ ಬಟ್ಟೆ, ಹಾಸಿಗೆ, ಪುಸ್ತಕ ಎಲ್ಲ ಹೊರಗೆ ಹಾಕಿ ಬೂಷ್ಟು ಬಿಡಿಸುತ್ತಾರೆ. ನಿಮ್ಮ ಕೆಂಪು ಹಸಿರು ಬಟ್ಟೆಗಳು ಅವೇ. ನಮ್ಮ ಕಡೆಯ ಹೆಂಗಸೊಬ್ಬಳು 1960ರಲ್ಲಿ 'ಆರನೆಯ ತಿಂಗಳು' ಎಂದು ಬರೆದರೆ ಚಂದ್ರನನ್ನೇ ನೆನೆದು ಬರೆದಿರುತ್ತಾಳೆ. ಉತ್ತರದ ಕಚೇರಿಯವರು ಅದನ್ನು ಜೂನ್ ಎಂದು ಓದಿಕೊಂಡರು. ಆ ವರ್ಷದ ಪಂಚಾಂಗ ತೆಗೆದು ನೋಡಿದೆ, ಆರರ ಆರು ಬಿದ್ದದ್ದು ಜೂನ್ 29ಕ್ಕೆ. ಈ ವರ್ಷ ಜೂನ್ 30ಕ್ಕೆ ಬೀಳುತ್ತದೆ.

ಟೋಪಿಗಳ ಒಗಟು ಬಿಡಿಸಿದವರು ನನ್ನ ಅಪ್ಪ. ಅವರಿಗೆ ಎಂಬತ್ತೆಂಟು. ಜೀವಮಾನವೆಲ್ಲ ಸೋಯಾ ಸಾಸ್ ಮಾಡುವ ಅಂಗಳದಲ್ಲಿ ದುಡಿದವರು. ನಿವೃತ್ತಿಯಾಗಿ ಇಪ್ಪತ್ತೆಂಟು ವರ್ಷವಾದರೂ ದಿನಾ ಅಲ್ಲಿಗೆ ಹೋಗಿ ಈಗಿನವರ ಕೆಲಸದಲ್ಲಿ ತಪ್ಪು ಹುಡುಕಿ ಬರುತ್ತಾರೆ. ಚಿಂಗ್‌ಮಿಂಗ್ ಹಬ್ಬಕ್ಕೆ ಅಮ್ಮನ ಸಮಾಧಿ ಗುಡಿಸಿ ವಾಪಸಾಗುವಾಗ ಬಸ್ಸಿನಲ್ಲಿ ನಿಮ್ಮ ಪತ್ರ ಓದಿ ಹೇಳಿದೆ.

"ಉಪ್ಪಿನ ವಾಸನೆ ಟೋಪಿ ಅಂದ್ರೆ ಇನ್ನೇನೇ? ಬಾನಿ ಮುಚ್ಚಳ!" ಎಂದರು, ಇಡೀ ಬಸ್ಸಿಗೆ ಕೇಳುವ ಹಾಗೆ. "ಸಾಸ್ ಅಂಗಳದವನ ಮಗಳು ಅಂತ ಹೇಳ್ಕೋಬೇಡ ಇನ್ಮೇಲೆ."

ಸೋಯಾ ಕಾಳು ಹುದುಗು ಬರುವ ಮಣ್ಣಿನ ಬಾನಿಗಳು ಬಯಲಲ್ಲಿ ಸಾಲಾಗಿರುತ್ತವೆ. ಬಿಸಿಲಿದ್ದರೆ ತೆರೆಯುತ್ತಾರೆ, ಮಳೆ ಬಂದರೆ ಬಿದಿರಿನ ಮುಚ್ಚಳ ಹಾಕುತ್ತಾರೆ. ಮುಚ್ಚಳ ನೋಡಲು ಥೇಟ್ ಟೋಪಿ. ಆ ಕಾಲದಲ್ಲಿ ಊರಲ್ಲಿ ಇಂಥ ಅಂಗಳಗಳು ಏಳಿದ್ದವಂತೆ. ನಿಮ್ಮದು ಯಾವುದೆಂದು ಹೇಳಲಾರೆ.

ಇನ್ನು ನಿಮ್ಮ ಪ್ರಶ್ನೆ. ಟೋಪಿಗಳು ಸಾಲಾಗಿ ಕಂಡವು ಎಂದರೆ ಬಾನಿಗಳು ಮುಚ್ಚಿದ್ದವು, ಮುಚ್ಚಿದ್ದವು ಎಂದರೆ ಮಳೆ. ಜೂನ್ ಕೊನೆ ನಮಗೆ ಪ್ಲಮ್ ಮಳೆಯ ನಟ್ಟನಡು. ಪ್ಲಮ್ ಹಣ್ಣಾಗುವ ಹೊತ್ತಿಗೆ ಬರುವುದರಿಂದ ಆ ಹೆಸರು. ಪ್ಲಮ್‌ಗೂ ಬೂಷ್ಟಿಗೂ ನಮ್ಮ ಬಾಯಲ್ಲಿ ಒಂದೇ ಉಚ್ಚಾರ, ಎರಡೂ ನಿಜ. ಬಟ್ಟೆಗಳನ್ನು ಅಂದು ಸೂರಿನ ಕೆಳಗೆ ಕಟ್ಟಿರಬೇಕು. ಆದ್ದರಿಂದ ಜೂನ್ 30ಕ್ಕೆ ಬನ್ನಿ. ಇಪ್ಪತ್ತೆಂಟು ಡಿಗ್ರಿ, ಒದ್ದೆ ಗೋಡೆ, ಮಾರುಕಟ್ಟೆಯಲ್ಲಿ ಕೆಂಪು ಯಾಂಗ್‌ಮೇ ಹಣ್ಣಿನ ರಾಶಿ. ನನ್ನ ಅಚ್ಚು ಹಾಳೆ 'ತಪ್ಪಿಸಿ' ಎನ್ನುವ ವಾರ ಅದು. ನಾನು 'ಬನ್ನಿ' ಎನ್ನುತ್ತಿದ್ದೇನೆ.

ಇಂತಿ ನಿಮ್ಮ,
ಸುವೆನ್

*

ಷಿಲಿನ್‌ಗೊಲ್
3 ಮೇ 2025

ಸುವೆನ್,

ಅರವತ್ತನಾಲ್ಕು ಹುಟ್ಟುಹಬ್ಬ, ಎಲ್ಲವೂ ತಪ್ಪು ದಿನ! ಬದುಕಿದ್ದಷ್ಟೂ ವರ್ಷ ಜೂನ್ ಆರಕ್ಕೆ ಅಮ್ಮ ಕೆನೆಗಟ್ಟಿದ ಹಾಲು ಎತ್ತಿಡುತ್ತಿದ್ದಳು. ತಿಂದದ್ದನ್ನು ವಾಪಸು ಕೊಡುವ ಹಾಗಿಲ್ಲ. ಮಗಳಿಗೆ ಬೆಕ್ಕಿನ ವಿಷಯ ಹೇಳಿದೆ. 'ಆ ಊರಿನವರಿಗೆ ತಲೆ ಸರಿ ಇದೆಯಾ?' ಅಂದಳು. 'ನಿಮ್ಮಮ್ಮನೂ ಆ ಊರಿನವಳೇ' ಅಂದೆ.

ಟಿಕೆಟ್ ಮಾಡಿಸಿದ್ದೇನೆ. ಜೂನ್ 26ಕ್ಕೆ ಹೊರಟು 28ಕ್ಕೆ ನಿಮ್ಮಲ್ಲಿ, ಜುಲೈ 2ಕ್ಕೆ ವಾಪಸು. ರಕ್ತದೊತ್ತಡದ ಡಾಕ್ಟರು ಮೊದಲು ಬಿಲ್ಕುಲ್ ಬೇಡ ಅಂದರು. 'ಮೂವತ್ತೈದು ಡಿಗ್ರಿ ದಾಟೋ ಊರಾದ್ರೆ ನಾನು ಬಿಡಲ್ಲ ಅಜ್ಜಿ' ಅಂದರು. ನಿಮ್ಮ ಇಪ್ಪತ್ತೆಂಟನ್ನು ಅವರ ಮೂಗಿನ ಕೆಳಗೆ ಹಿಡಿದೆ. ಒಪ್ಪಿದರು.

ಮಳೆ ಅಂತ ಬರೆದಿದ್ದೀರಿ. ಸರಿ. ಕೇಳಿದವಳು ನಾನೇ.

ಚೀಟಿಯ ನಕಲು ಇಟ್ಟಿದ್ದೇನೆ. ಶಾಯಿ ಹರಡಿ 'ಗಂಜಿ' ಅನ್ನುವ ಅಕ್ಷರ ಜೇಡದ ಹಾಗಾಗಿದೆ, ನೋಡಿ. ಕಣ್ಣೀರು ಬಿದ್ದದ್ದು ಅಂತ ಅಮ್ಮ ಹೇಳುತ್ತಿದ್ದಳು. ಅವಳು ಎಲ್ಲರ ಬಗ್ಗೆಯೂ ಒಳ್ಳೆಯದನ್ನೇ ಹೇಳುತ್ತಿದ್ದಳು, ತೋಳದ ಬಗ್ಗೆ ಸಹ. ಕಣ್ಣೀರಲ್ಲ, ಮಳೆ ಅಂತ ಈಗ ನಿಮ್ಮಿಂದ ತಿಳಿಯಿತು. ಇದು ದೂರಲ್ಲ. ತಿಳಿಯಬೇಕು ಅಂತಲೇ ಬರೆದದ್ದು.

ಈಗ ಮರಿ ಹಾಕುವ ಕಾಲ. ನಿನ್ನೆ ಆಲಿಕಲ್ಲು ಬಿತ್ತು. ಹನ್ನೊಂದು ಮರಿಗಳನ್ನು ಮನೆಯೊಳಗೆ ತಂದು ಒಲೆಯ ಪಕ್ಕ ಕೂಡಿಹಾಕಿದೆವು. ಮಳೆಯಲ್ಲಿ ನಾವು ಕುರಿಮರಿಯನ್ನೂ ಹೊರಗೆ ಬಿಡುವುದಿಲ್ಲ.

ಒಂದು ತಿದ್ದುಪಡಿ, ನಾನು ಟೀಚರ್ ತಾನೆ. ಟೋಪಿ ಬಾನಿಯ ಮೇಲಿತ್ತು ಅಂತ ನಾನು ಬರೆದಿರಲಿಲ್ಲ. ನಾನು ಅದರ ಕೆಳಗೆ ಹೊಕ್ಕಿದ್ದೆ.

ಚಿಮೆಗ್

*

ಸುಝೌ
20 ಮೇ 2025

ಚಿಮೆಗ್ ಟೀಚರ್‌ಗೆ,

ಇದು ಚಿಕ್ಕ ಪತ್ರ. ನಿಮ್ಮ ತಿದ್ದುಪಡಿ ಓದಿದ ಮೇಲೆ ಅಪ್ಪ ಊಟದ ತಟ್ಟೆ ಸರಿಸಿ ಕೂತಿದ್ದಾರೆ. ಎರಡು ಪ್ರಶ್ನೆ ಕೇಳಿ ಎಂದಿದ್ದಾರೆ, ಕೇಳುತ್ತಿದ್ದೇನೆ. ಯಾಕೆಂದು ನನಗಿನ್ನೂ ಪೂರ್ತಿ ಹೇಳಿಲ್ಲ.

ಟೋಪಿಯ ಅಂಚು ನೆಲಕ್ಕೆ ತಾಗುತ್ತಿತ್ತೇ? ನೆಲ ಹೇಗಿತ್ತು?

ಬಲವಂತವಾಗಿ ನೆನಪಿಸಿಕೊಳ್ಳಬೇಡಿ. ಇಲ್ಲದ್ದನ್ನು ಇದೆ ಎಂದುಕೊಳ್ಳುವುದು ಬಹಳ ಸುಲಭ. ನನಗೇ ಅದು ಈಚೆಗೆ ಗೊತ್ತಾಗುತ್ತಿದೆ.

ಸುವೆನ್

*

ಷಿಲಿನ್‌ಗೊಲ್
30 ಮೇ 2025

ಸುವೆನ್,

ತಾಗುತ್ತಿತ್ತು. ಅಂಚಿನ ಕೆಳಗೆ ಸುತ್ತಲೂ ಬೆಳಕಿನ ತೆಳು ಗೆರೆ ಇತ್ತು.

ನೆಲ ಕಲ್ಲು ಚಪ್ಪಡಿ. ಕಾಲು ಸುಡುತ್ತಿತ್ತು. ಅದಕ್ಕೇ ಒಳಗೆ ಹೊಕ್ಕಿದ್ದು ಅಂತ ಕಾಣುತ್ತದೆ. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಯಾಕೆ ಕೇಳಿದರು?

ಚಿಮೆಗ್

*

ಸುಝೌ
15 ಜೂನ್ 2025

ಚಿಕ್ಕಮ್ಮ,

ಇನ್ನು ಹೀಗೇ ಕರೆಯುತ್ತೇನೆ. ಬೇಡವಾದರೆ ತಿದ್ದಿ.

ನಿಮ್ಮ ಕಾರ್ಡು ಬಂದು ಒಂಬತ್ತು ದಿನವಾಯಿತು. ಬಂದದ್ದು ಜೂನ್ ಆರರಂದೇ, ನಿಮ್ಮ ಹಳೆಯ ಹುಟ್ಟುಹಬ್ಬದ ದಿನ. ಈ ಒಂಬತ್ತು ದಿನ ನಾನು ಸುಮ್ಮನಿದ್ದುಬಿಡುವ ಯೋಚನೆಯಲ್ಲಿದ್ದೆ. ಸುಮ್ಮನಿದ್ದರೆ ಎಲ್ಲವೂ ಸಲೀಸು. ನೀವು 28ಕ್ಕೆ ಬರುತ್ತೀರಿ, ಮೂವತ್ತರಂದು ಕೊಡೆ ಹಿಡಿದು ಮುಚ್ಚಿದ ಬಾನಿಗಳನ್ನು ನೋಡುತ್ತೀರಿ, ಹಣ್ಣು ತಿಂದು ಸುಖವಾಗಿ ಊರು ಸೇರುತ್ತೀರಿ. ಡಾಕ್ಟರ ಮಾತೂ ಉಳಿಯುತ್ತದೆ, ನನ್ನ ಜಾಣತನವೂ ಉಳಿಯುತ್ತದೆ. ನಿಮ್ಮ ಆರೋಗ್ಯಕ್ಕೆಂದು ಸುಮ್ಮನಿರಲು ಹೊರಟೆನೋ, ನನ್ನ ತಪ್ಪು ಮುಚ್ಚಿಕೊಳ್ಳಲೋ ಎಂದು ಕೇಳಿಕೊಂಡೆ. ಎರಡನ್ನೂ ಬೇರೆ ಮಾಡಿ ನೋಡಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹೇಳಿದ ದಿನ ತಪ್ಪು.

ಕಾರ್ಡು ಓದಿ ಹೇಳಿದಾಗ ಅಪ್ಪ ಬೀನ್ಸ್ ಬಿಡಿಸುತ್ತಿದ್ದರು.

"ಅಂಚು ನೆಲಕ್ಕೆ ತಾಕ್ತಿತ್ತು ಅಂದ್ಲಾ?"

"ಹೌದಪ್ಪ."

"ಹಾಗಾದ್ರೆ ಮುಚ್ಚಳ ನೆಲದ ಮೇಲಿತ್ತು. ಬಾನಿ ನನ್ನ ಎದೆ ಮಟ್ಟ ಇದೆ ಕಣೇ. ಮೂರು ವರ್ಷದ ಕೂಸು ಬಾನಿ ಮೇಲಿನ ಮುಚ್ಚಳದೊಳಗೆ ಹೇಗೆ ಹೋಗುತ್ತೆ? ಹಾರ್ಕೊಂಡಾ? ಮುಚ್ಚಳ ನೆಲದ ಮೇಲೆ ಅಂದ್ರೆ ಬಾನಿ ತೆರೆದಿದೆ. ತೆರೆದಿದೆ ಅಂದ್ರೆ ಬಿಸಿಲು. ಬರಿಬಿಸಿಲಲ್ಲ, ಚಪ್ಪಡಿ ಕಾಯೋ ಬಿಸಿಲು. ನೀನು ಟೋಪಿ ಕಂಡದ್ದೇ ತಡ ಮಳೆ ಸುರಿಸಿಬಿಟ್ಟೆ."

"ಆದರೆ ಜೂನ್ 29ಕ್ಕೆ ಅಂಥ ಬಿಸಿಲು ಇರುತ್ತಾ ಅಪ್ಪ?"

"ಯಾವ ಆರರ ಆರು?" ಎಂದರು.

ನನಗೆ ಅರ್ಥವಾಗಲಿಲ್ಲ. ಅವರು ಕೈ ಒರೆಸಿಕೊಂಡು ಮಂಚದ ಕೆಳಗಿನ ತಗಡಿನ ಪೆಟ್ಟಿಗೆ ಎಳೆದರು. ಅದರಲ್ಲಿ ಅವರ ಮುಚ್ಚಳದ ಪುಸ್ತಕಗಳಿವೆ. ಅಂಗಳಕ್ಕೆ ಸೇರಿದ ದಿನದಿಂದ ಬರೆದವು. ದಿನಕ್ಕೆ ಒಂದು ಸಾಲು, ತೆರೆದೆ ಅಥವಾ ಮುಚ್ಚಿದೆ. ಒಂದು ಮಳೆಗೆ ಮುಚ್ಚಲು ತಡವಾದರೆ ಒಂದು ವರ್ಷದ ಸಾಸ್ ಹಾಳು, ಆದ್ದರಿಂದ ಯಾರು ಯಾವಾಗ ಮುಚ್ಚಿದರು ಎನ್ನುವುದು ಬರಹದಲ್ಲಿ ಇರಲೇಬೇಕಿತ್ತು. 1960ರದ್ದನ್ನು ನನ್ನ ಮುಂದೆ ಇಟ್ಟರು.

'ಆರನೆಯ ತಿಂಗಳು, ಆರು. ಬೆಳಗಿನಿಂದ ಮಳೆ. ಇಡೀ ದಿನ ಮುಚ್ಚಿದೆ. ಬಟ್ಟೆ ಹಾಕಲಿಲ್ಲ.'

ನಾಲ್ಕು ಹಾಳೆ ಮಗುಚಿದರು.

'ಅಧಿಕ ಆರನೆಯ ತಿಂಗಳು, ಆರು. ಸುಡುಬಿಸಿಲು. ತೆರೆದೆ. ಬಟ್ಟೆ ಹಾಕಿದೆವು. ಬೆಕ್ಕು ಪರಚಿತು.'

ಆ ವರ್ಷ ಆರನೆಯ ತಿಂಗಳು ಎರಡು ಸಲ ಬಂದಿತ್ತು, ಚಿಕ್ಕಮ್ಮ. ಪಂಚಾಂಗ ತೆಗೆದ ನಾನು ಮೊದಲ ಆರನ್ನು ಕಂಡು ಪುಟ ಮುಚ್ಚಿದ್ದೆ, ನಿಮ್ಮ ಮೊದಲ ಪತ್ರವನ್ನು ಎರಡು ಸಾಲಿಗೇ ಮಡಚಿಟ್ಟ ಹಾಗೆ. ಬಟ್ಟೆಗಳು ನನ್ನ ಮಳೆಗೆ ಒಗ್ಗದಿದ್ದಾಗ ಅವನ್ನು ಸೂರಿನ ಕೆಳಗೆ ತಳ್ಳಿದೆ. ಮೊದಲ ಆರು ಮಳೆಗೆ ಹೋಯಿತು. ಹೇಗೂ ಇನ್ನೊಂದು ಆರು ಇದೆಯಲ್ಲ ಎಂದು ಊರಿನವರು ಬಟ್ಟೆ, ಬೆಕ್ಕು ಎಲ್ಲವನ್ನೂ ಅಧಿಕ ತಿಂಗಳಿಗೆ ಮುಂದೂಡಿದರು. ಅದು ಜುಲೈ 29. ನಿಮ್ಮ ಕಾಲು ಸುಟ್ಟದ್ದು ಆ ದಿನ. ನೀವು ಕೇಳಿದ್ದಕ್ಕೆ ಉತ್ತರ ಬಿಸಿಲು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನನಗೆ ನಿಮ್ಮ ಚೀಟಿ ನೆನಪಾಯಿತು. ಅಂದು ಅಂಥ ಬಿಸಿಲಿದ್ದರೆ ಶಾಯಿ ಹರಡಿದ್ದು ಹೇಗೆ?

ನಕಲನ್ನು ಅಪ್ಪನಿಗೆ ತೋರಿಸಿದೆ. ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು. "ಮಳೇಲಿ ಯಾರು ಮಗು ಬಿಡ್ತಾರೆ?" ಎಂದರು. ಮತ್ತೆ ಬೀನ್ಸಿಗೆ ಹೋದರು.

ನನ್ನ ಊಹೆ ಇದು. ಊಹೆ ಮಾತ್ರ. ನನ್ನ ಒಂದು ಊಹೆ ಆಗಲೇ ನಿಮ್ಮನ್ನು ನೋಯಿಸಿದೆ, ಆದ್ದರಿಂದ ಇದನ್ನೂ ಅನುಮಾನದಿಂದಲೇ ಓದಿ. ನಿಮ್ಮ ಹೆತ್ತ ತಾಯಿ ಚೀಟಿಯನ್ನು ಮೊದಲ ಆರಕ್ಕೆಂದೇ ಬರೆದರು. ಆ ದಿನ ಆರಿಸಿದ್ದು ಯಾಕೆಂದು ಅಪ್ಪ ಹೇಳಿದರು: ಬೂಷ್ಟು ಬಿಡಿಸುವ ದಿನ ಊರಿಗೆ ಊರೇ ಅಂಗಳದಲ್ಲಿರುತ್ತದೆ, ಮಗು ಒಂದು ಗಳಿಗೆಯೂ ಒಂಟಿಯಾಗುವುದಿಲ್ಲ. ಅಂದು ಬಿಸಿಲಿಗೆ ಹಾಕಿದ್ದಕ್ಕೆ ವರ್ಷವಿಡೀ ಹುಳು ಬೀಳುವುದಿಲ್ಲ ಎಂಬ ನಂಬಿಕೆಯೂ ಇದೆ. ನಿಮ್ಮನ್ನು ಎತ್ತಿಕೊಂಡು ಅವರು ಬಂದರು. ಮಳೆ ಇತ್ತು. ಬಾನಿಗಳು ಮುಚ್ಚಿದ್ದವು, ಅಂಗಳದಲ್ಲಿ ಜನ ಇರಲಿಲ್ಲ. ಚೀಟಿ ನೆನೆಯುವಷ್ಟು ಹೊತ್ತು ನಿಂತರು. ಮತ್ತೆ ನಿಮ್ಮನ್ನು ಎತ್ತಿಕೊಂಡು ಮನೆಗೆ ಹೋದರು.

ಮೂವತ್ತು ದಿನ ಇಟ್ಟುಕೊಂಡರು.

ಆ ಮೂವತ್ತು ದಿನದಲ್ಲಿ ಬಿಸಿಲಿನ ದಿನಗಳು ಬೇರೆ ಇರಲಿಲ್ಲವೇ? ಅಪ್ಪನ ಪುಸ್ತಕದಲ್ಲಿ ಎಣಿಸಿದೆ, 'ತೆರೆದೆ' ಎಂದು ಹತ್ತೊಂಬತ್ತು ಸಾಲುಗಳಿವೆ. ಹತ್ತೊಂಬತ್ತು ದಿನ ಬಿಸಿಲಿದ್ದರೂ ಅವರು ಬರಲಿಲ್ಲ. ಅದೇ ಆರು ಇನ್ನೊಮ್ಮೆ ಬರಲಿ ಎಂದು ಕಾದರು, ಅಥವಾ ಹಾಗೆಂದು ತಮಗೆ ತಾವೇ ಹೇಳಿಕೊಂಡರು. ಕೊನೆಗೆ ಬಂದಾಗ ಚೀಟಿ ಬದಲಿಸಲಿಲ್ಲ. ಬದಲಿಸಲು ಏನಿತ್ತು? ಅದೇ ತಿಂಗಳು, ಅದೇ ದಿನ. ಬೆಳಿಗ್ಗೆ ಗಂಜಿ ಕುಡಿಸಿದ್ದೂ ನಿಜವೇ.

'ಬರಗಾಲದಲ್ಲಿ ಅಧಿಕ ಮಾಸ' ಎನ್ನುತ್ತಾರಲ್ಲ, ತಿನ್ನಲಿಲ್ಲದ ವರ್ಷಕ್ಕೆ ಇನ್ನೊಂದು ತಿಂಗಳು ಬಂದು ಕೂತಂತೆ ಎಂದು. ಸಂಕಟದ ಮೇಲೆ ಸಂಕಟ ಬಂದಾಗಲೆಲ್ಲ ನಾನೂ ಆಡಿದ ಮಾತು ಅದು. ಆ ತಿಂಗಳನ್ನು ಒಬ್ಬರು ಕೈಚಾಚಿ ತೆಗೆದುಕೊಂಡಿರಬಹುದು ಎಂದು ಎಂದೂ ಹೊಳೆದಿರಲಿಲ್ಲ.

ಈಗ ಕಷ್ಟದ ಮಾತು. ಈ ವರ್ಷವೂ ಆರನೆಯ ತಿಂಗಳು ಎರಡು ಸಲ ಬರುತ್ತದೆ. ಅಧಿಕದ ಆರು ಜುಲೈ 30ಕ್ಕೆ. ಇಂಥ ವರ್ಷ ಮತ್ತೆ ಬರಲು ಹನ್ನೊಂದು ವರ್ಷ ಬೇಕು. ಆದರೆ ಜುಲೈ 30 ನಮ್ಮೂರಿನ ಅತಿ ಕೆಟ್ಟ ಹವೆ, ಮೂವತ್ತೇಳು ಮೂವತ್ತೆಂಟು ಡಿಗ್ರಿ. ನಿಮ್ಮ ಡಾಕ್ಟರು ಬೇಡ ಎಂದದ್ದು ಅದನ್ನೇ. ಹಾಗಾಗಿ ನಾನು ಬನ್ನಿ ಎನ್ನಲಾರೆ, ಬೇಡ ಎನ್ನುವ ಹಕ್ಕೂ ನನಗಿಲ್ಲ. ಹತ್ತೊಂಬತ್ತು ವರ್ಷ ಒಳ್ಳೆಯ ಕಾಲ ಯಾವುದು ಎಂದು ಜನರಿಗೆ ಹೇಳುತ್ತ ಬಂದೆ. ಯಾರಿಗೆ, ಯಾತಕ್ಕೆ ಒಳ್ಳೆಯದು ಎಂದು ಒಂದು ಸಲವೂ ತಿರುಗಿ ಕೇಳಿರಲಿಲ್ಲ.

ಒಂದು ದಾರಿ ಇದೆ, ಡಾಕ್ಟರಿಗೆ ತೋರಿಸಿ. ಹೋಗುವ ಟಿಕೆಟ್ ಹಾಗೇ ಇರಲಿ, ಬದಲಿಸುವುದಾದರೆ ವಾಪಸಿನದು ಮಾತ್ರ. 28ಕ್ಕೆ ಬನ್ನಿ. ಮೂವತ್ತರಂದು ಮಳೆ ನೋಡೋಣ. ಆಮೇಲೆ ನಮ್ಮ ಮನೆಯಲ್ಲೇ ಇರಿ, ಆ ಮೂವತ್ತು ದಿನವೂ. ಅಮ್ಮನ ಕೋಣೆ ಖಾಲಿ ಇದೆ, ತಂಪಿನ ಯಂತ್ರ ಹಾಕಿಸಿದ್ದೇವೆ, ಬೀದಿ ಕೊನೆಯಲ್ಲೇ ಆಸ್ಪತ್ರೆ. ಅಧಿಕದ ಆರರಂದು ಬೆಳಿಗ್ಗೆ ಆರಕ್ಕೆ ಮುಚ್ಚಳ ತೆಗೆಯುತ್ತಾರೆ. ಆಗ ಇನ್ನೂ ಮೂವತ್ತು ದಾಟಿರುವುದಿಲ್ಲ. ಅರ್ಧ ಗಂಟೆ ನಿಂತು ಬಂದುಬಿಡೋಣ. ಕಾಲು ಸುಡುವಷ್ಟು ಬೇಡ. ಅದನ್ನು ನೀವು ಆಗಲೇ ಮಾಡಿ ಮುಗಿಸಿದ್ದೀರಿ.

ಅದು ಏಳರಲ್ಲಿ ಯಾವ ಅಂಗಳ ಎಂದು ಈಗಲೂ ಗೊತ್ತಿಲ್ಲ. ಉಳಿದಿರುವುದು ಅಪ್ಪನದೊಂದೇ. ಮಗುವೊಂದು ಸಿಕ್ಕಿದ್ದು ನೆನಪಿದೆಯೇ ಎಂದು ಅಪ್ಪನನ್ನು ಕೇಳಿದೆ. "ಆ ವರ್ಷ ಒಂದಾ ಎರಡಾ?" ಎಂದು ಎದ್ದು ಹೋದರು. ಮರುದಿನದಿಂದ ಹಿತ್ತಿಲಲ್ಲಿ ಕೂತು ಬಿದಿರು ಸೀಳುತ್ತಿದ್ದಾರೆ. ಹೊಸ ಮುಚ್ಚಳವಂತೆ, ಮಾಮೂಲಿಗಿಂತ ಎರಡು ಗೇಣು ಅಗಲ. ಇಷ್ಟು ದೊಡ್ಡದು ಯಾವ ಬಾನಿಗೆ ಎಂದರೆ, "ಆ ಹೆಂಗಸು ಈಗ ದೊಡ್ಡವಳಾಗಿರ್ತಾಳೆ ಕಣೇ, ಹಿಡೀಬೇಡ್ವಾ?" ಎಂದರು.

ನೀವು ಹೊರಡುವುದು 26ಕ್ಕೆ. ಇಲ್ಲಿಂದ ಅಲ್ಲಿಗೆ ಅಂಚೆ ಏಳು ದಿನ ತೆಗೆದುಕೊಳ್ಳುತ್ತದೆ. ಇಂದು ಭಾನುವಾರ, ಪೆಟ್ಟಿಗೆ ತೆಗೆಯುವುದಿಲ್ಲ. ತಾರೀಖನ್ನು ಈ ಸಲ ಎರಡು ಲೆಕ್ಕದಲ್ಲೂ ಬರೆಯುತ್ತೇನೆ, ಮತ್ತೆ ಯಾರೂ ತಪ್ಪು ಓದಬಾರದು.

ನಿಮ್ಮ,
ಸುವೆನ್

ಅಂಚೆಗೆ ಹಾಕುವ ದಿನ: ಚಂದ್ರನ ಐದನೆಯ ತಿಂಗಳ ಇಪ್ಪತ್ತೊಂದು, ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಜೂನ್ 16, ಸೋಮವಾರ.